ತೂಗುವವನ ಋಣ

ಅನ್ನ ಬೆಂದಿದೆಯೆ ಎಂದು ತಿಳಿಯುವುದಕ್ಕೆ ನಮ್ಮ ತಾಯಂದಿರು ಪಾತ್ರೆಯನ್ನೆಲ್ಲ ಬರಿದು ಮಾಡುವುದಿಲ್ಲ. ಒಂದಗುಳನ್ನು ತೆಗೆದು ಬೆರಳುಗಳ ನಡುವೆ ಹಿಸುಕಿ ನೋಡುತ್ತಾರೆ. ಆ ಒಂದರ ಸಾಕ್ಷಿಯೇ ಪಾತ್ರೆಯಷ್ಟಕ್ಕೂ ಸಾಕ್ಷಿ. ಇದು ಎಲ್ಲರೂ ಬಲ್ಲ ಮಾತು. ಆದರೆ ಹಿಸುಕಿದ ಅಗುಳು ಏನಾಯಿತೆಂದು ಯಾರೂ ಕೇಳುವುದಿಲ್ಲ. ಅದು ಯಾರ ಎಲೆಗೂ ಬರಲಿಲ್ಲ. ಉಳಿದವುಗಳ ಸುದ್ದಿಯನ್ನು ಹೇಳುವುದಕ್ಕಾಗಿ ತಾನು ಅಳಿಯಿತು. ಅನ್ನದ ವಿಷಯದಲ್ಲಿ ಇದು ಚಿಂತಿಸತಕ್ಕ ಸಂಗತಿಯಲ್ಲವೆಂಬುದು ನಿಜ. ಅಗುಳಿನ ಸ್ಥಾನದಲ್ಲಿ ಜೀವವುಳ್ಳ ವಸ್ತುವಿದ್ದರೆ, ಒಂದು ಶತಮಾನ ಬಾಳಿದ ಗಿಡವಿದ್ದರೆ, ಆಗಲೂ ಇಷ್ಟೇ ನಿಶ್ಚಿಂತೆಯಿಂದ ಇರಬಹುದೆ? ತಿಳಿಯುವುದಕ್ಕಾಗಿ ಕಡಿಯಬಹುದೆ? ಕಡಿದು ತಿಳಿದವನ ಮೇಲೆ ಬೀಳುವ ಹೊಣೆ ಯಾವುದು? ಈ ಪ್ರಶ್ನೆಗಳನ್ನು ದೂರದೇಶದ ಒಂದು ಕುಳ್ಳ ಗಿಡದ ನಿದರ್ಶನದಿಂದ ವಿಚಾರಿಸಬೇಕೆಂಬುದು ನಮ್ಮ ಉದ್ದೇಶ.

ಯೂರೋಪು ಖಂಡದ ಕಾರ್ಪೇಥಿಯನ್ ಪರ್ವತಶ್ರೇಣಿಯಲ್ಲಿ ಅತ್ಯುನ್ನತವಾದ ಭಾಗಕ್ಕೆ ಟಾಟ್ರಾ ಎಂದು ಹೆಸರು. ೨೬೫೦ ಮೀಟರಿಗೂ ಮಿಗಿಲಾದ ಶಿಖರವುಳ್ಳ ಈ ಪರ್ವತದ ನೆತ್ತಿಯ ಮೇಲೆ ಪೋಲೆಂಡ್ ಮತ್ತು ಸ್ಲೊವಾಕಿಯಾ ದೇಶಗಳ ಗಡಿರೇಖೆ ಹಾಯ್ದುಹೋಗಿದೆ. ತಪ್ಪಲಿನಿಂದ ಮೇಲೇರುತ್ತ ಹೋದಂತೆ ಸ್ಪ್ರೂಸ್ ಮರಗಳ ದಟ್ಟವಾದ ಕಾಡು ಸುಮಾರು ೧೫೦೦ ಮೀಟರಿನ ಎತ್ತರದಲ್ಲಿ ಮುಗಿಯುತ್ತದೆ. ಅಲ್ಲಿಂದ ಸುಮಾರು ೧೮೦೦ ಮೀಟರಿನವರೆಗೆ, ಬರಿಯ ಹುಲ್ಲೂ ಬಂಡೆಯೂ ಮೊದಲಾಗುವ ಮುನ್ನ, ಪರ್ವತಕ್ಕೆ ಸುತ್ತಿದ ಹಸುರು ನಡುಕಟ್ಟಿನಂತೆ ಕುಳ್ಳ ಪೈನ್ ಗಿಡಗಳ ಪೊದೆ ಹಬ್ಬಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಪೈನಸ್ ಮ್ಯೂಗೊ ಎಂದು ಕರೆಯುತ್ತಾರೆ. ಪೋಲಿಷ್ ಜನರ ಬಾಯಲ್ಲಿ ಇದು ಕೊಸೊದ್ಝೆವಿನಾ. ಸ್ಲೊವಾಕರ ಬಾಯಲ್ಲಿ ಕೊಸೊದ್ರೆವಿನಾ. ಉಚ್ಚಾರಣೆ ಎರಡಾದರೂ ಮಾತು ಒಂದೇ, ಗಡಿಯ ಎರಡು ಕಡೆಗೂ ಗಿಡವೂ ಒಂದೇ.

ಈ ಗಿಡ ಇತರ ಪೈನ್ ಮರಗಳಂತೆ ನೆಟ್ಟಗೆ ನಿಲ್ಲುವುದಿಲ್ಲ. ಬುಡದಿಂದಲೇ ಹಲವು ಕಾಂಡಗಳು ಹೊರಟು, ನೆಲದ ಮೇಲೆ ತೆವಳಿ, ಅನಂತರ ತುದಿಯನ್ನು ಮೇಲೆತ್ತುತ್ತವೆ. ಎತ್ತರ ಸಾಮಾನ್ಯವಾಗಿ ಒಂದರಿಂದ ಮೂರು ಮೀಟರು. ಚಳಿಗಾಲದ ಹಿಮ ಮೇಲೆ ಬಿದ್ದಾಗ ಅದು ಮುರಿಯದೆ ಬಾಗಿ ಮಲಗುತ್ತದೆ. ಹಿಮ ಕರಗಿದ ಮೇಲೆ ಮತ್ತೆ ಏಳುತ್ತದೆ. ಮಣ್ಣಿಗೆ ತಾಗಿದ ಕೊಂಬೆ ಅಲ್ಲಿಯೇ ಬೇರು ಬಿಡುವುದೂ ಉಂಟು. ಎರಡೆರಡು ಜೊತೆಗೂಡಿದ ಸೂಜಿಯೆಲೆಗಳು ಹಲವು ವರ್ಷ ಉದುರದೆ ನಿಲ್ಲುತ್ತವೆ. ಬೆಳವಣಿಗೆಯಂತೂ ಅತಿ ನಿಧಾನ. ಮಣಿಕಟ್ಟಿನಷ್ಟು ದಪ್ಪದ ಕಾಂಡವನ್ನು ಅಡ್ಡವಾಗಿ ಕೊಯ್ದು ಉಂಗುರಗಳನ್ನೆಣಿಸಿದರೆ ನೂರರ ಸಮೀಪಕ್ಕೆ ಬರುವುದುಂಟು, ನೂರನ್ನು ದಾಟುವುದೂ ಉಂಟು. ಗಾತ್ರವನ್ನು ನೋಡಿ ವಯಸ್ಸನ್ನು ಹೇಳಹೊರಟವನು ಇಲ್ಲಿ ಮೋಸಹೋಗುವುದು ಖಂಡಿತ.

ಇಂತಹ ಗಿಡವನ್ನು ತೂಗಬೇಕಾದ ಅಗತ್ಯವೇನು? ಹಿಂದಿನ ಶತಮಾನಗಳಲ್ಲಿ ಕುರಿಗಳ ಹುಲ್ಲುಗಾವಲನ್ನು ವಿಸ್ತರಿಸುವುದಕ್ಕಾಗಿಯೂ, ಸೂಜಿಯೆಲೆಗಳಿಂದ ಸುಗಂಧತೈಲವನ್ನು ಇಳಿಸುವುದಕ್ಕಾಗಿಯೂ ಈ ಪೊದೆಗಳನ್ನು ವಿಶೇಷವಾಗಿ ಕಡಿದರು. ಪೊದೆ ಹೋದ ಇಳಿಜಾರಿನಲ್ಲಿ ಹಿಮವನ್ನು ತಡೆಯುವವರಿಲ್ಲ, ಮಣ್ಣನ್ನು ಹಿಡಿಯುವವರಿಲ್ಲ. ಹಿಮಕುಸಿತಕ್ಕೂ ಮಣ್ಣಿನ ಸವೆತಕ್ಕೂ ದಾರಿಯಾಯಿತು. ಸ್ಲೊವಾಕಿಯಾದ ಕಡೆಯಲ್ಲಿ ೧೯೪೯ರಲ್ಲಿಯೂ ಪೋಲೆಂಡಿನ ಕಡೆಯಲ್ಲಿ ೧೯೫೪ರಲ್ಲಿಯೂ ಟಾಟ್ರಾ ರಾಷ್ಟ್ರೀಯ ಉದ್ಯಾನಗಳು ಸ್ಥಾಪಿತವಾದವು. ಮೇವು ಕಡಿಮೆಯಾದೊಡನೆ ಗಿಡ ತನ್ನ ಹಳೆಯ ನೆಲಕ್ಕೆ ಮೆಲ್ಲನೆ ಹಿಂದಿರುಗತೊಡಗಿತು. ಹಿಂದಿರುಗಿದ್ದೆಷ್ಟು ಎಂಬುದನ್ನು ಹೇಳಲು ಹಬ್ಬಿದ ನೆಲದ ವಿಸ್ತಾರವೊಂದೇ ಸಾಲದು. ತೆಳುವಾಗಿ ಹರಡಿದ ಪೊದೆಯೂ ದಟ್ಟವಾಗಿ ಹೆಣೆದ ಪೊದೆಯೂ ನಕ್ಷೆಯಲ್ಲಿ ಒಂದೇ ಬಣ್ಣ. ಆದುದರಿಂದ ಒಂದು ಸ್ಥಳದಲ್ಲಿರುವ ಗಿಡಗಳ ಒಣತೂಕವನ್ನು ಕಂಡುಹಿಡಿಯುತ್ತಾರೆ. ಇದಕ್ಕೆ ಜೀವದ್ರವ್ಯರಾಶಿ ಎಂದು ಹೆಸರು. ಈ ಒಣತೂಕದಲ್ಲಿ ಸುಮಾರು ಅರ್ಧಭಾಗ ಇಂಗಾಲ. ವಾಯುಮಂಡಲದ ಇಂಗಾಲದ ಡೈಆಕ್ಸೈಡನ್ನು ಸಸ್ಯಗಳು ಎಷ್ಟರ ಮಟ್ಟಿಗೆ ಹಿಡಿದಿಟ್ಟಿವೆ ಎಂಬ ಲೆಕ್ಕ, ೧೯೯೭ರ ಕ್ಯೋಟೋ ಒಪ್ಪಂದದ ತರುವಾಯ, ರಾಷ್ಟ್ರ ರಾಷ್ಟ್ರಗಳ ಮಟ್ಟದಲ್ಲಿ ನಡೆಯುತ್ತಿದೆ. ಹೀಗೆ ಕುಳ್ಳ ಗಿಡದ ತೂಕವೂ ಲೋಕದ ಲೆಕ್ಕದೊಳಗೆ ಸೇರಿತು.

ಸೇರಿತೆಂದು ಹೇಳುವುದು ಸುಲಭ. ಸೇರಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಅರಣ್ಯಶಾಸ್ತ್ರದಲ್ಲಿ ಮರವನ್ನು ಅಳೆಯುವ ರೂಢಿ ಹೇಗೆಂದರೆ, ನೆಲದಿಂದ ಎದೆಯ ಮಟ್ಟಕ್ಕೆ ಕಾಂಡದ ವ್ಯಾಸವನ್ನು ನೋಡುವುದು. ಯೂರೋಪಿನಲ್ಲಿ ಆ ಮಟ್ಟ ೧.೩೦ ಮೀಟರು; ಭಾರತದಲ್ಲಿ ೧.೩೭ ಮೀಟರು, ಅಂದರೆ ನಾಲ್ಕೂವರೆ ಅಡಿ. ನೆಟ್ಟಗೆ ನಿಂತ ಮರಕ್ಕೆ ಇದು ತಕ್ಕ ಕ್ರಮವೇ ಸರಿ. ನೆಲದ ಮೇಲೆ ತೆವಳುವ ಕಾಂಡಕ್ಕೆ ಎದೆಯ ಮಟ್ಟವೆಲ್ಲಿಯದು? ಎಷ್ಟೋ ಗಿಡಗಳ ತಲೆಯ ಮೇಲೆಯೇ ಆ ಅಳತೆಗೋಲು ಹಾದುಹೋಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯಂತೆ ಕಾಡು ಎನಿಸಿಕೊಳ್ಳಬೇಕಾದರೆ ಅಲ್ಲಿಯ ಮರಗಳು ಐದು ಮೀಟರಿಗಿಂತ ಎತ್ತರವಾಗಿರಬೇಕು, ಇಲ್ಲವೆ ಅಷ್ಟು ಬೆಳೆಯಬಲ್ಲವಾಗಿರಬೇಕು. ಟಾಟ್ರಾದ ಕುಳ್ಳ ಪೈನ್ ಎಷ್ಟು ಬಾಳಿದರೂ ಆ ಎತ್ತರವನ್ನು ಮುಟ್ಟುವುದಿಲ್ಲ. ಹೀಗಾಗಿ, ಹಿಮವನ್ನೂ ಮಣ್ಣನ್ನೂ ನೀರನ್ನೂ ಹಿಡಿದು ನಿಂತಿದ್ದರೂ, ಅದಕ್ಕೆ ದೊರೆಯುವ ಸ್ಥಾನ ಕಾಡಿನದಲ್ಲ, 'ಇತರ ಸಸ್ಯಾವೃತ ಭೂಮಿ'ಯದು. ಎತ್ತರದವರಿಗೆಂದು ಮಾಡಿದ ಅಳತೆಗೋಲಿಗೆ ಕುಳ್ಳರು ಸಿಕ್ಕದಿದ್ದರೆ, ಅದು ಕುಳ್ಳರ ದೋಷವಲ್ಲ. ಅಳೆಯುವವನು ಬಗ್ಗಬೇಕು, ವ್ಯಾಸವನ್ನು ಕಾಂಡದ ಬುಡದಲ್ಲಿ ನೋಡಬೇಕು, ಎತ್ತರದ ಬದಲು ಕಾಂಡದ ಉದ್ದವನ್ನು ಅದರ ಬಾಗನ್ನನುಸರಿಸಿ ಅಳೆಯಬೇಕು, ಪೊದೆಯ ಹರಹನ್ನು ಎರಡು ದಿಕ್ಕುಗಳಲ್ಲಿ ನೋಡಬೇಕು. ಕುಳ್ಳ ಪೈನನ್ನು ಅಳೆಯುವವರು ಮಾಡುತ್ತಿರುವುದು ಇದನ್ನೇ.

ಆದರೆ ಅಳತೆ ತೂಕವಲ್ಲ. ತೂಕ ಬೇಕಾದರೆ ಕೊನೆಗೊಮ್ಮೆ ತಕ್ಕಡಿಯ ಬಳಿಗೆ ಹೋಗಲೇಬೇಕು. ಬೇರೂರಿದ ಗಿಡ ತಕ್ಕಡಿಯನ್ನೇರುವುದಿಲ್ಲ. ಆದುದರಿಂದ ಮೊದಲು ಸಣ್ಣವು, ದೊಡ್ಡವು, ನಡುತರದವು ಎಂದು ಕೆಲವು ಗಿಡಗಳನ್ನು ಆರಿಸಿ, ಮೇಲೆ ಹೇಳಿದಂತೆ ಅಳೆದು, ಬುಡಕ್ಕೆ ಕಡಿಯುತ್ತಾರೆ. ಸೂಜಿಯೆಲೆ, ಕೊಂಬೆ, ಕಾಂಡ, ಕಾಯಿ ಇವನ್ನು ಬೇರೆ ಬೇರೆಯಾಗಿ ವಿಂಗಡಿಸಿ ಹಸಿಯಾಗಿರುವಾಗಲೇ ತೂಗುತ್ತಾರೆ. ಪ್ರತಿಯೊಂದರಿಂದಲೂ ಸ್ವಲ್ಪ ಭಾಗವನ್ನು ಪ್ರಯೋಗಶಾಲೆಗೆ ಕೊಂಡೊಯ್ದು, ಬಿಸಿಪೆಟ್ಟಿಗೆಯಲ್ಲಿಟ್ಟು, ತೂಕ ಇನ್ನು ಇಳಿಯದು ಎಂಬವರೆಗೆ ಒಣಗಿಸುತ್ತಾರೆ. ೨೦೦ ಗ್ರಾಂ ಹಸಿಯ ಕೊಂಬೆ ಒಣಗಿ ೧೦೦ ಗ್ರಾಂ ಆಯಿತೆಂದು ಭಾವಿಸಿದರೆ, ಆ ಗಿಡದ ಕೊಂಬೆಗಳ ಒಟ್ಟು ಹಸಿತೂಕದಲ್ಲಿ ಅರ್ಧ ಒಣತೂಕವೆಂದು ಲೆಕ್ಕ. ಬೇರನ್ನೂ ತಿಳಿಯಬೇಕೆಂದರೆ ಬಂಡೆಗಳ ಸಂದಿಯಿಂದ ಅಗೆದು ತೆಗೆಯಬೇಕು. ಅದು ಬಹು ಕಷ್ಟದ ಕೆಲಸ; ಅನೇಕ ಲೆಕ್ಕಗಳು ನೆಲದ ಮೇಲಿನ ಭಾಗಕ್ಕೆ ಮುಗಿಯುವುದು ಈ ಕಾರಣದಿಂದ.

ಹೀಗೆ ಕಡಿದ ಕೆಲವು ಗಿಡಗಳ ಅಳತೆಯನ್ನೂ ತೂಕವನ್ನೂ ಎದುರುಬದುರಾಗಿಟ್ಟು ನೋಡಿದಾಗ ಒಂದು ಕ್ರಮ ಗೋಚರವಾಗುತ್ತದೆ. ದೇಹದ ಒಂದು ಭಾಗ ಬೆಳೆಯುವುದಕ್ಕೂ ಇಡೀ ದೇಹ ಬೆಳೆಯುವುದಕ್ಕೂ ಒಂದು ನಿಯತವಾದ ಸಂಬಂಧವಿದೆ. ಇದನ್ನು ಕುರಿತ ವಿಚಾರಕ್ಕೆ ಜೂಲಿಯನ್ ಹಕ್ಸ್ಲಿ ಮತ್ತು ಜಾರ್ಜ್ ಟೆಸಿಯೇ ಎಂಬ ವಿಜ್ಞಾನಿಗಳು ೧೯೩೬ರಲ್ಲಿ 'ಅಲೊಮೆಟ್ರಿ' ಎಂದು ಹೆಸರಿಟ್ಟರು. ೧೯೪೪ರಲ್ಲಿ ಕಿಟ್ರೆಜ್ ಎಂಬ ಅರಣ್ಯಶಾಸ್ತ್ರಜ್ಞರು ಮರದ ಎಲೆಗಳ ತೂಕವನ್ನು ಕಾಂಡದ ವ್ಯಾಸದಿಂದ ಅಂದಾಜು ಮಾಡುವುದಕ್ಕೆ ಇದೇ ಮಾರ್ಗವನ್ನು ಹಿಡಿದರು. ವ್ಯಾಸದ ಯಾವುದೋ ಒಂದು ಘಾತವನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ತೂಕ ಬರುತ್ತದೆ. ಘಾತ ಎರಡೂವರೆ ಎಂದು ಊಹಿಸಿಕೊಂಡರೆ, ವ್ಯಾಸ ಇಮ್ಮಡಿಯಾದ ಕಾಂಡದ ತೂಕ ಇಮ್ಮಡಿಯಲ್ಲ, ಸುಮಾರು ೫.೬೬ ಪಟ್ಟು. ಎರಡರ ಲಘುಗಣಕಗಳನ್ನು ರೇಖಾಪತ್ರದ ಮೇಲೆ ಗುರುತಿಸಿದರೆ ಚುಕ್ಕೆಗಳು ಸರಳರೇಖೆಯೊಂದರ ಸುತ್ತ ಸಾಲುಗೂಡುತ್ತವೆ. ಲಘುಗಣಕದ ಕೋಷ್ಟಕ ಯಾವುದಕ್ಕೆ ಎಂದು ಬೇಸರಪಡುವ ವಿದ್ಯಾರ್ಥಿಮಿತ್ರರು ಇದನ್ನು ಗಮನಿಸಬೇಕು. ಈ ರೇಖೆ ಒಮ್ಮೆ ಕೈಗೆ ಬಂದಿತೆಂದರೆ, ಉಳಿದ ಸಾವಿರ ಗಿಡಗಳನ್ನು ಕಡಿಯಬೇಕಾಗಿಲ್ಲ. ಬುಡದ ವ್ಯಾಸವನ್ನು ನೋಡಿದರೆ ಸಾಕು. ಕೆಲವು ಅಳಿದು ಅನೇಕವು ಉಳಿದವು.

ನೈತಿಕ ಪ್ರಶ್ನೆ ಎದ್ದು ನಿಲ್ಲುವುದು ಇಲ್ಲಿಯೇ. ಅನೇಕರ ಹಿತಕ್ಕಾಗಿ ಕೆಲವರ ನಾಶ ಎಂಬ ನ್ಯಾಯ ಲೋಕದಲ್ಲಿ ಹಳೆಯದು, ಅಷ್ಟೇ ಅಪಾಯಕರವಾದದ್ದು. ಅದರ ಹೆಸರಿನಲ್ಲಿ ಆಗಿರುವ ಅನ್ಯಾಯ ಅಲ್ಪವಲ್ಲ. ರಕ್ಷಣೆಗಾಗಿ ಉದ್ಯಾನವನ್ನು ಮಾಡಿ, ರಕ್ಷಿಸಬೇಕಾದ ಗಿಡವನ್ನೇ ಕಡಿಯುವುದು ಎಂತಹ ರಕ್ಷಣೆ ಎಂದು ಒಬ್ಬನು ಕೇಳಿದರೆ ಅವನನ್ನು ಹಳಿಯುವಂತಿಲ್ಲ. ತೂಕ ತಿಳಿಯದಿದ್ದರೂ ಗಿಡ ಬೆಳೆಯುತ್ತಲೇ ಇತ್ತು. ತಿಳಿಯಬೇಕೆಂಬ ಹಂಬಲ ನಮ್ಮದು, ಕೊಡಲಿಯ ಏಟು ಅದಕ್ಕೆ. ಎದುರುಪಕ್ಷದ ಮಾತೂ ಬಲವಾದದ್ದೇ. ತಿಳಿಯದೆ ಕಾಯುವುದು ಕಣ್ಣುಕಟ್ಟಿಕೊಂಡು ಕಾವಲು ಕುಳಿತಂತೆ. ಪೊದೆಯಿಂದ ಏನು ಪ್ರಯೋಜನವೆಂದು ಪ್ರಶ್ನಿಸುವವನಿಗೆ, ಇಷ್ಟು ಇಂಗಾಲವನ್ನು ಹಿಡಿದಿದೆ ಎಂದು ಅಂಕಿಯನ್ನು ಮುಂದಿಡದಿದ್ದರೆ, ಮರುಕದ ಮಾತನ್ನು ಅವನು ಕೇಳುವನೆ? ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದವನನ್ನು ಒಕ್ಕಲೆಬ್ಬಿಸುವುದು ಸುಲಭ. ಎರಡು ಪಕ್ಷಗಳಲ್ಲಿಯೂ ಸತ್ಯವಿರುವುದರಿಂದ, ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ನಮಗೆ ಸರಿದೋರುವುದಿಲ್ಲ.

ಕಡಿಯದೆ ತಿಳಿಯುವ ದಾರಿಗಳನ್ನೂ ವಿದ್ವಾಂಸರು ಹುಡುಕದೆ ಬಿಟ್ಟಿಲ್ಲ. ಇಡೀ ಗಿಡವನ್ನು ಕೆಡವದೆ, ಕವಲು ಕವಲಿನಲ್ಲಿಯೂ ಚೀಟಿಯೆತ್ತಿದಂತೆ ಒಂದು ಕೊಂಬೆಯನ್ನು ಆರಿಸುತ್ತ ಹೋಗಿ, ಆ ಒಂದರಿಂದ ಇಡೀ ಮರದ ಲೆಕ್ಕವನ್ನು ಹೇಳುವ ಕ್ರಮವುಂಟು. ಮರದಲ್ಲಿರುವ ಹಣ್ಣುಗಳ ಸಂಖ್ಯೆಯನ್ನು ತಿಳಿಯುವುದಕ್ಕೆಂದು ಜೆಸ್ಸೆನ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೫೫ರಲ್ಲಿ ಇದನ್ನು ವಿವರಿಸಿದರು. ಹಿಮಕುಸಿತಕ್ಕೆ ಸಿಕ್ಕಿ ಬಿದ್ದ ಗಿಡಗಳನ್ನು ತೂಗಬಹುದು. ಆದರೆ ಬಿದ್ದವು ನಿಂತವುಗಳ ಪ್ರತಿನಿಧಿಯೆಂದು ನಂಬುವುದು ಹೇಗೆ? ಇತ್ತೀಚೆಗೆ ವಿಮಾನದಿಂದ ಲೇಸರ್ ಕಿರಣವನ್ನು ಬಿಟ್ಟು, ಅದು ಹಿಂದಿರುಗುವ ಕಾಲದಿಂದ ಸಸ್ಯಗಳ ಎತ್ತರವನ್ನು ಅಳೆಯುತ್ತಾರೆ. ದಟ್ಟವಾದ ಕುಳ್ಳ ಪೊದೆಯಲ್ಲಿ ಕಿರಣ ನೆಲದವರೆಗೆ ಇಳಿಯದೆ ಹೋಗುವುದರಿಂದ, ಇಲ್ಲಿಯೂ ಪೊದೆ ಇದ್ದುದಕ್ಕಿಂತ ಕುಳ್ಳಾಗಿಯೇ ಕಾಣುವುದುಂಟು. ಅಷ್ಟೇ ಅಲ್ಲದೆ, ಆಕಾಶದಿಂದ ಬಂದ ಎತ್ತರವನ್ನು ತೂಕವಾಗಿ ಪರಿವರ್ತಿಸಬೇಕಾದರೆ, ಹಿಂದೆ ಯಾರೋ ಕಡಿದು ತೂಗಿದ ಗಿಡಗಳ ಲೆಕ್ಕವೇ ಆಧಾರ. ಒಟ್ಟಿನಲ್ಲಿ ಕೊಡಲಿಯ ಕೆಲಸವನ್ನು ಬಹಳವಾಗಿ ಕುಗ್ಗಿಸಬಹುದು. ಅದನ್ನು ಪೂರ್ಣವಾಗಿ ಇಲ್ಲವೆನಿಸುವುದು ಸಾಧ್ಯವಾಗಿಲ್ಲ.

ಆದುದರಿಂದ ಕಡಿಯಬಹುದೆ, ಕಡಿಯಬಾರದೆ ಎಂಬುದಕ್ಕಿಂತ, ಕಡಿದವನು ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಹೆಚ್ಚು ಫಲಕಾರಿಯೆಂದು ನಮಗೆ ತೋರುತ್ತದೆ. ನಮ್ಮ ಹಿರಿಯರು ಅನ್ನಕ್ಕೂ ನೀರಿಗೂ ನೆಲಕ್ಕೂ ಋಣವೆಂಬ ಮಾತನ್ನು ಬಳಸಿದರು. ಜ್ಞಾನಕ್ಕೂ ಅಂತಹ ಋಣವುಂಟು. ಕುಳ್ಳ ಪೈನಿನ ತೂಕವಾಗಿ ಪುಸ್ತಕದಲ್ಲಿ ಕಾಣುವ ಒಂದೊಂದು ಅಂಕಿಯೂ ಒಂದು ಜೀವವನ್ನು ಬೆಲೆಯಾಗಿ ಕೊಟ್ಟು ಪಡೆದದ್ದು. ಆ ಋಣ ಮೂರು ಬಗೆಯಿಂದ ಸಲ್ಲತಕ್ಕದ್ದು.

ಮೊದಲನೆಯದು, ಕಡಿದದ್ದನ್ನು ವ್ಯರ್ಥಮಾಡದಿರುವುದು. ಬೇಕಾದಷ್ಟನ್ನೇ ಕಡಿಯಬೇಕು; ಕಡಿದುದರಿಂದ ತಿಳಿಯಬಹುದಾದುದೆಲ್ಲವನ್ನೂ ತಿಳಿಯಬೇಕು, ತೂಕದೊಡನೆ ವಯಸ್ಸು, ಎಲೆಯ ಆಯುಸ್ಸು, ಕಾಯಿಗಳ ಸಂಖ್ಯೆ ಎಲ್ಲವನ್ನೂ. ಅನಂತರ ಇನ್ನೊಬ್ಬನು ಅದೇ ಲೆಕ್ಕಕ್ಕಾಗಿ ಮತ್ತೆ ಕೊಡಲಿಯನ್ನೆತ್ತದಂತೆ ಎಲ್ಲವನ್ನೂ ಬರೆದು ಲೋಕಕ್ಕೆ ಒಪ್ಪಿಸಬೇಕು. ಅಳೆದದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವನು ಗಿಡವನ್ನು ಎರಡು ಸಲ ಕಡಿದಂತೆ.

ಎರಡನೆಯದು, ಅಂಕಿಯಿಂದ ಅದು ಹೇಳದಿರುವ ಮಾತನ್ನು ಹೇಳಿಸದಿರುವುದು. ಒಲೆಯ ಮೇಲಿನ ಪಾತ್ರೆಯಲ್ಲಿ ಉರಿ ಎಲ್ಲ ಅಗುಳಿಗೂ ಹೆಚ್ಚು ಕಡಮೆ ಸಮ. ಪರ್ವತ ಅನ್ನದ ಪಾತ್ರೆಯಲ್ಲ. ಒಂದು ಇಳಿಜಾರಿಗೆ ಬಿಸಿಲು, ಇನ್ನೊಂದಕ್ಕೆ ನೆರಳು. ಒಂದು ಕಡೆ ಗಾಳಿ, ಇನ್ನೊಂದು ಕಡೆ ಮರೆ. ಟಾಟ್ರಾದ ಒಂದು ಕಣಿವೆಯಲ್ಲಿ ಪಡೆದ ಸಮೀಕರಣವನ್ನು ಆಲ್ಪ್ಸ್ ಪರ್ವತಕ್ಕೆ ಹಾಗೆಯೇ ಹೊಂದಿಸುವುದೂ, ಐದು ಸೆಂಟಿಮೀಟರಿನವರೆಗಿನ ಕಾಂಡಗಳಿಂದ ಪಡೆದದ್ದನ್ನು ಹದಿನೈದು ಸೆಂಟಿಮೀಟರಿನ ಕಾಂಡಕ್ಕೆ ಎಳೆಯುವುದೂ ಸಲ್ಲದು. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಲಘುಗಣಕದಲ್ಲಿ ಎಳೆದ ರೇಖೆಯನ್ನು ಮತ್ತೆ ಸಾಮಾನ್ಯ ತೂಕಕ್ಕೆ ತಿರುಗಿಸಿದಾಗ, ಸರಾಸರಿ ತೂಕ ನಿಜಕ್ಕಿಂತ ಕಡಮೆಯಾಗಿ ಬರುತ್ತದೆ. ಬಾಸ್ಕರ್ವಿಲ್ ಎಂಬವರು ೧೯೭೨ರಲ್ಲಿ ಇದನ್ನು ಸ್ಪಷ್ಟಪಡಿಸಿ ತಿದ್ದುವ ರೀತಿಯನ್ನು ತೋರಿಸಿದರು. ಯಾವ ಸುಳ್ಳನ್ನೂ ಹೇಳದೆ, ಗುಣಾಕಾರದಲ್ಲಿ ಎಲ್ಲಿಯೂ ತಪ್ಪದೆ, ಒಬ್ಬನು ಗಿಡಕ್ಕೆ ಸಲ್ಲಬೇಕಾದದ್ದನ್ನು ಕಡಮೆಮಾಡಿ ಸಲ್ಲಿಸಬಹುದು ಎಂಬುದು ಇದರಿಂದ ವೇದ್ಯವಾಗುತ್ತದೆ. ತನ್ನ ಮಾರ್ಗದಲ್ಲಿ ಅಡಗಿರುವ ದೋಷವನ್ನು ತಾನೇ ಹುಡುಕುವುದು ಪ್ರಾಮಾಣಿಕತೆಯ ಒಂದು ಅಂಗ.

ಮೂರನೆಯದು, ತೂಕವನ್ನು ಯೋಗ್ಯತೆಯೆಂದು ಭ್ರಮಿಸದಿರುವುದು. ಚೆಕ್ ದೇಶದ ಹ್ರುಬಿ ಯೆಸೆನಿಕ್ ಪರ್ವತದಲ್ಲಿ ಕುಳ್ಳ ಪೈನ್ ಮೊದಲು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ತಂದು ನೆಟ್ಟರು. ಇಂದು ಅದು ಅಲ್ಲಿಯ ಪುರಾತನವಾದ ಹುಲ್ಲುನೆಲವನ್ನೂ ಅದನ್ನೇ ನಂಬಿದ ಸಣ್ಣ ಸಸ್ಯಗಳನ್ನೂ ಮುಚ್ಚುತ್ತಿದೆಯೆಂದು ಕೆಲವು ಕಡೆ ತೆಗೆಯುವ ಕಾರ್ಯ ನಡೆದಿದೆ. ಟಾಟ್ರಾದ ನೂರು ಕಿಲೋಗ್ರಾಮಿಗೂ ಯೆಸೆನಿಕಿನ ನೂರು ಕಿಲೋಗ್ರಾಮಿಗೂ ತಕ್ಕಡಿಯಲ್ಲಿ ಭೇದವಿಲ್ಲ. ಒಂದು ಕಡೆ ಅದು ನೆಲವನ್ನು ಕಾಯುವ ಮನೆಯ ಮಗ, ಇನ್ನೊಂದು ಕಡೆ ಮನೆಯವರನ್ನು ಹೊರಗಟ್ಟುವ ಅತಿಥಿ. ಈ ಭೇದವನ್ನು ಕಾಣುವುದಕ್ಕೆ ಸ್ಥಳದ ಚರಿತ್ರೆ ತಿಳಿದಿರಬೇಕು, ನೆರೆಹೊರೆ ತಿಳಿದಿರಬೇಕು. ತಕ್ಕಡಿ ಎಷ್ಟು ಎಂಬುದನ್ನು ಹೇಳುತ್ತದೆ. ಏನು, ಯಾರದು, ಯಾವುದಕ್ಕೆ ಎಂಬುದನ್ನು ಹೇಳುವುದಿಲ್ಲ.

ಇಷ್ಟನ್ನು ಬರೆಯುವಾಗ ನಮ್ಮ ಮನಸ್ಸು ಪರ್ವತದಿಂದಿಳಿದು ಪಾಠಶಾಲೆಯ ಕಡೆಗೆ ತಿರುಗದೆ ಇರಲಿಲ್ಲ. ಗಡಿಪ್ರದೇಶದ ಉಪಾಧ್ಯಾಯರು ಅಳತೆಗೋಲಿನ ಎರಡು ತುದಿಗಳನ್ನೂ ಬಲ್ಲವರು. ೧೯೪೯ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ, ಒಂದು ಶಾಲೆಯಲ್ಲಿ ನಲವತ್ತು ಮಕ್ಕಳು ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಇದ್ದರೆ ಅವರಿಗೆ ಮಾತೃಭಾಷೆಯಲ್ಲಿ ಪಾಠ ಹೇಳುವ ಉಪಾಧ್ಯಾಯರನ್ನು ಒದಗಿಸಬೇಕೆಂದು ನಿರ್ಣಯಿಸಿತು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ಎಂಬ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯವನ್ನು ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಿತು. ನಲವತ್ತು, ಹತ್ತು ಎಂಬ ಅಂಕಿಗಳು ಉಪಕಾರವನ್ನೇ ಮಾಡಿವೆ. ಅಂಕಿಯಿಲ್ಲದಿದ್ದರೆ ಹಕ್ಕನ್ನು ಕೇಳುವುದಕ್ಕೆ ಆಧಾರವೇ ಇರುತ್ತಿರಲಿಲ್ಲ. ಆದರೆ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದಾಗ ಅವರ ಮಾತು ಮಾತಲ್ಲವೆ? ಐದು ಮೀಟರಿಗೆ ಏರದ ಪೊದೆ ಹಿಮವನ್ನು ತಡೆಯದೆ ಬಿಟ್ಟಿತೆ?

ಎಣಿಕೆಗೆ ಗುರಿಯಾಗುವ ನಾವೇ ದಿನವೂ ಎಣಿಸುವವರೂ ಆಗಿದ್ದೇವೆ ಎಂಬುದನ್ನು ಮರೆಯುವಂತಿಲ್ಲ. ಪರೀಕ್ಷೆಯೆಂಬುದು ಒಂದಗುಳನ್ನು ಹಿಸುಕಿ ನೋಡುವ ಕೆಲಸವೇ. ವರ್ಷದ ಕಲಿಕೆಯನ್ನೆಲ್ಲ ಮೂರು ಗಂಟೆಯ ಹತ್ತು ಪ್ರಶ್ನೆಗಳಿಂದ ತೂಗುತ್ತೇವೆ. ಅದಿಲ್ಲದೆ ಶಾಲೆ ನಡೆಯದು. ಅದನ್ನು ನಾವು ನಿಂದಿಸಲಾರೆವು. ಆದರೆ ಮಗುವಿನ ಮುಂದೆ ಅಂಕವನ್ನು ಬರೆಯುವಾಗ, ನಮ್ಮ ಅಳತೆಗೋಲು ಅದರ ತಲೆಯ ಮೇಲೆ ಹಾದುಹೋಯಿತೆ, ನಾವು ಸಾಕಷ್ಟು ಬಗ್ಗಿದೆವೆ, ಹಿಸುಕಿದ್ದರಿಂದ ತಿಳಿದದ್ದನ್ನು ಆ ಮಗುವಿನ ಹಿತಕ್ಕೆ ಬಳಸಿದೆವೆ ಎಂದು ಒಮ್ಮೆ ಕೇಳಿಕೊಳ್ಳಬಹುದು. ಹಿಮದ ಅಡಿಯಲ್ಲಿ ಮಲಗಿರುವ ಗಿಡವನ್ನು ಮಾಘಮಾಸದಲ್ಲಿ ಅಳೆದು ಅದಕ್ಕೆ ಎತ್ತರವೇ ಇಲ್ಲವೆಂದು ಬರೆದವನ ಲೆಕ್ಕ ಎಂತಹುದು? ಮಕ್ಕಳಲ್ಲಿಯೂ ಹಿಮದ ಕಾಲಗಳುಂಟು.

ಟಾಟ್ರಾದ ಇಳಿಜಾರಿನಲ್ಲಿ ಕಡಿದ ಬುಡದ ಪಕ್ಕದಲ್ಲಿ ಅದರ ನೆರೆಯ ಗಿಡಗಳು ಬಾಗುತ್ತಲೂ ಏಳುತ್ತಲೂ ಇರುತ್ತವೆ. ತಮ್ಮ ತೂಕವನ್ನು ಅವು ಕೇಳಿಕೊಳ್ಳಲಿಲ್ಲ, ಕೇಳಿದವರು ನಾವು. ಕೇಳಿ ಪಡೆದುಕೊಂಡ ಮೇಲೆ ಆ ತಿಳಿವಳಿಕೆಗೆ ತಕ್ಕಂತೆ ನಡೆಯುವುದಷ್ಟೇ ನಮ್ಮ ಪಾಲಿಗೆ ಉಳಿಯುವ ಕರ್ತವ್ಯ. ಉಳಿದವುಗಳನ್ನು ಕಾಯುವುದಾದರೆ ಅಳಿದದ್ದು ಸಾರ್ಥಕ. ಅಂಕಿಯನ್ನು ಪುಸ್ತಕದಲ್ಲಿಟ್ಟು ಪರ್ವತವನ್ನು ಮರೆಯುವುದಾದರೆ, ಅನ್ನ ಬೆಂದಿದೆಯೆಂದು ತಿಳಿದೂ ಹಸಿದವರಿಗೆ ಬಡಿಸದೆ ಎದ್ದುಹೋದಂತೆ. ಆಗ ಹಿಸುಕಿದ ಆ ಒಂದಗುಳಿಗೆ ನಾವು ಹೇಳಬಹುದಾದ ಉತ್ತರ ಯಾವುದೂ ಇಲ್ಲ.